ಲಿಖಿತ ಚರ್ಚೆ: ಪರ, ವಿರೋಧ ಎರಡೂ ಒಬ್ಬರೇ ಬರೆಯುವುದು ಹೇಗೆ?

ಪ್ರಶ್ನೆ: ಮೇಡಂ, ಯೂನಿವರ್ಸಿಟಿ ಅಸೈನ್‌ಮೆಂಟ್‌ಗೆ 1,500 ಪದಗಳ ಲಿಖಿತ ಚರ್ಚೆ ಬರೆಯಬೇಕು. ವಿಷಯ, ‘ಎಲ್ಲ ಪರೀಕ್ಷೆಗಳನ್ನೂ ಪುಸ್ತಕ ನೋಡಿಕೊಂಡೇ ಬರೆಯಲು ಬಿಡಬೇಕು’. ಪರಕ್ಕೆ ಐದು ಪಾಯಿಂಟ್, ವಿರೋಧಕ್ಕೆ ಐದು ಬರೆದಿದ್ದೇನೆ. ಓದಿದರೆ ಎರಡು ಪಟ್ಟಿ ಅಂಟಿಸಿದ ಹಾಗಿದೆ. ಎಲ್ಲಿ ತಪ್ಪಿದ್ದೇನೆ?

ಉತ್ತರ (ಬರವಣಿಗೆ ಕಲಿಸುವ ಅಧ್ಯಾಪಕಿ): ತಪ್ಪನ್ನು ನೀವೇ ಹಿಡಿದಿದ್ದೀರಿ. ಒಬ್ಬರು ‘ಬಾಯಿಪಾಠ ಮಾಡುವ ಕಷ್ಟ ತಪ್ಪುತ್ತದೆ’ ಅಂತಾರೆ, ಇನ್ನೊಬ್ಬರು ‘ಪ್ರಶ್ನೆಪತ್ರಿಕೆ ತಯಾರಿಸುವುದು ಕಷ್ಟ’ ಅಂತಾರೆ. ಎರಡೂ ನಿಜ ಇರಬಹುದು. ಜಗಳವೇ ಇಲ್ಲವಲ್ಲ!

ಪಾಯಿಂಟ್‌ಗಳನ್ನು ಬದಿಗಿಟ್ಟು, ಇಬ್ಬರೂ ಉತ್ತರಿಸಲೇಬೇಕಾದ ಮೂರು ಪ್ರಶ್ನೆ ಹುಡುಕಿ. ಉದಾಹರಣೆಗೆ, ನೆನಪಿನಲ್ಲಿ ಇಲ್ಲದ್ದನ್ನು ಕಲಿತಿದ್ದೇವೆ ಅನ್ನಬಹುದಾ? ಪರದವರು: ಸೂತ್ರ ಪುಸ್ತಕದಲ್ಲಿ ಸಿಗುತ್ತದೆ, ಅದನ್ನು ಎಲ್ಲಿ ಬಳಸಬೇಕು ಅನ್ನೋದು ತಲೆಯಲ್ಲೇ ಇರಬೇಕು. ವಿರೋಧದವರು: ತಲೆಯಲ್ಲಿ ಏನೂ ಇಲ್ಲದಿದ್ದರೆ ಯಾವ ಪುಟ ತೆಗೆಯಬೇಕು ಅಂತಲೂ ಗೊತ್ತಾಗದು. ಪರದವರು ಮತ್ತೆ: ಸರಿ, ಹಾಗಾದರೆ ಓದದೆ ಬಂದವರು ಇಲ್ಲೂ ಫೇಲ್ ಆಗುತ್ತಾರೆ, ಪರೀಕ್ಷೆಯ ಕೆಲಸ ಆಯಿತಲ್ಲ? ಈಗ ನೋಡಿ, ಮಾತಿಗೆ ಮಾತು ಹುಟ್ಟಿತು. ಒಂದು ಪ್ರಶ್ನೆಗೆ 400 ಪದ ಕೊಡಿ. ಪೀಠಿಕೆಗೆ 150, ತೀರ್ಮಾನಕ್ಕೆ 150 ಸಾಕು.

ಪೀಠಿಕೆಯಲ್ಲಿ ವಿಷಯದ ಪದಗಳನ್ನು ಬಿಡಿಸಿ. ಇಲ್ಲಿ ‘ಎಲ್ಲ’ ಅನ್ನೋದು ಸುಮ್ನೆ ಬಂದಿಲ್ಲ. ಅದರಿಂದ ಪರದವರ ಹೊರೆ ಜಾಸ್ತಿ. ತುರ್ತು ಚಿಕಿತ್ಸೆ ಕಲಿಯುವವರು ಪುಸ್ತಕ ತಿರುವುತ್ತಾ ಕೂರೋಕಾಗುತ್ತದಾ ಅಂತ ಒಂದೇ ಒಂದು ಅಪವಾದ ತೋರಿಸಿದರೂ ವಿರೋಧದವರ ಕೈ ಮೇಲಾಗುತ್ತದೆ.

ಪ್ರಶ್ನೆ: ಕೊನೆಗೆ ‘ಎರಡೂ ಕಡೆ ಸತ್ಯವಿದೆ’ ಅಂತ ಮುಗಿಸಿದ್ದೇನೆ. ನನ್ನ ಒಲವು ಪರದ ಕಡೆಗೇ ಇದೆ. ಹೇಳಬಹುದಾ?

ಉತ್ತರ: ತೀರ್ಮಾನ ಬೇಡ ಅಂತ ಅಸೈನ್‌ಮೆಂಟ್‌ನಲ್ಲೇ ಬರೆದಿಲ್ಲ ಅಂದರೆ ಧಾರಾಳವಾಗಿ ಹೇಳಿ. ಆದರೆ ಮೂರರಲ್ಲಿ ಯಾವ ಪ್ರಶ್ನೆ ತಕ್ಕಡಿಯನ್ನು ಬಾಗಿಸಿತು, ಯಾಕೆ ಅಂತ ಬರೆಯಿರಿ. ಹೊಸ ಪಾಯಿಂಟ್ ಅಲ್ಲಿ ಬೇಡ. ಇನ್ನೊಂದು, ಒಲವಿರುವ ಕಡೆಯ ವಾದ ತಾನಾಗೇ ಗಟ್ಟಿಯಾಗುತ್ತದೆ, ಎದುರು ಕಡೆಯದು ತಳ್ಳಿದರೆ ಬೀಳುವ ಗೊಂಬೆಯಾಗುತ್ತದೆ. ಅದಕ್ಕೇ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ ಮೊದಲು, ಸಿದ್ಧಾಂತ, ಅಂದರೆ ತಮ್ಮ ನಿಲುವು ಆಮೇಲೆ. ನೀವೂ ವಿರೋಧದ ಭಾಗವನ್ನೇ ಮೊದಲು ಬರೆದು, ಆ ಕಡೆಯ ಗೆಳೆಯರೊಬ್ಬರಿಗೆ ಓದಲು ಕೊಡಿ. ‘ನಾನಾಗಿದ್ದರೆ ಹೀಗೆ ಹೇಳ್ತಿರಲಿಲ್ಲ’ ಅಂದರೆ ತಿದ್ದಿ ಬರೆಯಿರಿ.