ಪೀನಿಯಲ್ ಭಾಗದ ಗೆಡ್ಡೆ: ತಕ್ಷಣ ತೆಗೆಸಬೇಕಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಾವು ದಾವಣಗೆರೆ ಕಡೆಯವರು. ನನ್ನ ತಮ್ಮನಿಗೆ 15 ವರ್ಷ. ಮೂರು ತಿಂಗಳಿಂದ ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ. ಮೊದಲು ಗ್ಯಾಸ್ಟ್ರಿಕ್ ಅಂದರು, ಆಮೇಲೆ ಕನ್ನಡಕ ಬದಲಾಯಿಸಿದರು. ಕ್ರಿಕೆಟ್ ಆಡುವಾಗ ಎತ್ತರದ ಕ್ಯಾಚೆಲ್ಲ ಬಿಡುತ್ತಿದ್ದ. ‘ಮೇಲಕ್ಕೆ ನೋಡೋಕೇ ಆಗಲ್ಲ ಅಕ್ಕಾ’ ಅಂದರೆ ನೆಪ ಹೇಳ್ತಾನೆ ಅಂದುಕೊಂಡೆ. ಈಗ ಎಂಆರ್‌ಐನಲ್ಲಿ ಪೀನಿಯಲ್ ಜಾಗದಲ್ಲಿ 2.5 ಸೆಂ.ಮೀ. ಗೆಡ್ಡೆ, ಮಿದುಳಲ್ಲಿ ನೀರು ತುಂಬಿದೆ ಅಂತ ಬಂದಿದೆ. ಒಬ್ಬರು ತಕ್ಷಣ ಗೆಡ್ಡೆ ತೆಗೆಸಿ ಅನ್ನುತ್ತಾರೆ. ಇನ್ನೊಬ್ಬರು ಮೊದಲು ನೀರಿಗೆ ದಾರಿ ಮಾಡಿ, ಪರೀಕ್ಷೆ ಮಾಡೋಣ ಅನ್ನುತ್ತಾರೆ. ಯಾರ ಮಾತು ಕೇಳುವುದು?

ಉತ್ತರ (ನ್ಯೂರೋಸರ್ಜನ್): ಎರಡನೆಯವರ ಮಾತು ಕೇಳಿ. ಆದರೆ ತಡ ಮಾಡಬೇಡಿ. ವಾಂತಿ ಜಾಸ್ತಿಯಾದರೆ, ಮಂಪರು ಬಂದರೆ ರಾತ್ರಿಯಾದರೂ ಸರಿ, ಹೊರಡಿ. ಈಗ ಅವಸರ ಇರುವುದು ನೀರಿನ ವಿಷಯದಲ್ಲಿ, ಗೆಡ್ಡೆಯದಲ್ಲ.

ಪೀನಿಯಲ್ ಗ್ರಂಥಿ ತೊಗರಿ ಕಾಳಿನಷ್ಟು ಚಿಕ್ಕದು, ಮಿದುಳಿನ ನಟ್ಟನಡುವೆ ಇದೆ. ಅದರ ಕೆಳಗೇ ಮಿದುಳಿನ ನೀರು ಹರಿಯುವ ಸಣ್ಣ ಕಾಲುವೆ. ಗೆಡ್ಡೆ ಅದನ್ನು ಒತ್ತಿದರೆ ನೀರು ಕಟ್ಟಿ ತಲೆನೋವು, ವಾಂತಿ. ಕಣ್ಣನ್ನು ಮೇಲಕ್ಕೆತ್ತುವ ನರಗಳ ಜಾಲವೂ ಅಲ್ಲೇ ಪಕ್ಕದಲ್ಲಿದೆ. ಹುಡುಗ ಸುಮ್ನೆ ಕ್ಯಾಚ್ ಬಿಟ್ಟಿಲ್ಲ. ಇದಕ್ಕೆ ‘ಪ್ಯಾರಿನೋ ಸಿಂಡ್ರೋಮ್’ ಅಂತಲೇ ಹೆಸರಿದೆ.

ಸಣ್ಣ ರಂಧ್ರದಿಂದ ಎಂಡೋಸ್ಕೋಪ್ ಇಳಿಸಿ ನೀರಿಗೆ ಬೇರೆ ದಾರಿ ಮಾಡುತ್ತೇವೆ. ಇದನ್ನು ಇಟಿವಿ ಅನ್ನುತ್ತೇವೆ (ಹಳೇ ಚಾನೆಲ್ ಅಲ್ಲ!). ಆಗಲೇ ಆ ನೀರನ್ನು ಪರೀಕ್ಷೆಗೆ ತೆಗೆದುಕೊಳ್ಳಬಹುದು, ಸಾಧ್ಯವಾದರೆ ಗೆಡ್ಡೆಯ ಚೂರನ್ನೂ. ತಲೆಯಲ್ಲಿ ಒತ್ತಡ ಇರುವಾಗ ಬೆನ್ನಿನಿಂದ ನೀರು ತೆಗೆಯಲು ಮಾತ್ರ ಒಪ್ಪಬೇಡಿ, ಅಪಾಯ.

ರಕ್ತದಲ್ಲೂ ಆ ನೀರಲ್ಲೂ ಎಎಫ್‌ಪಿ, ಬೀಟಾ ಎಚ್‌ಸಿಜಿ (ಕೆಲವು ಗೆಡ್ಡೆಗಳು ಬಿಡುವ ಗುರುತಿನ ವಸ್ತುಗಳು) ನೋಡಬೇಕು. ಈ ವಯಸ್ಸಿನ ಹುಡುಗರಲ್ಲಿ ಇಲ್ಲಿ ಹೆಚ್ಚು ಕಾಣುವುದು ಜರ್ಮಿನೋಮಾ ಅನ್ನುವ ಗೆಡ್ಡೆ. ಅದು ರೇಡಿಯೇಷನ್‌ಗೆ, ಅಂದರೆ ಜನ ‘ಕರೆಂಟ್ ಕೊಡೋದು’ ಅನ್ನುತ್ತಾರಲ್ಲ ಅದಕ್ಕೆ, ಬೆಣ್ಣೆಯ ಹಾಗೆ ಕರಗುತ್ತದೆ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ವಾಸಿಯಾಗುತ್ತಾರೆ. ಕರಗುವ ಗೆಡ್ಡೆಗೆ ತಲೆ ಬಿಚ್ಚುವುದು ಯಾಕೆ? ಆ ಜಾಗದ ಸುತ್ತ ಮಿದುಳಿನ ದೊಡ್ಡ ರಕ್ತನಾಳಗಳಿವೆ. 1913ರಲ್ಲಿ ಜರ್ಮನಿಯ ಕ್ರೌಸೆ ಅಲ್ಲಿಗೆ ದಾರಿ ಮಾಡಿದರು, 1971ರಲ್ಲಿ ಅಮೆರಿಕದ ಸ್ಟೈನ್ ಮೈಕ್ರೋಸ್ಕೋಪ್ ಹಿಡಿದು ಅದೇ ದಾರಿಗೆ ಮರುಜೀವ ಕೊಟ್ಟರು. ಈಗಲೂ ಅದು ಸಲೀಸಾದ ಆಪರೇಷನ್ ಅಲ್ಲ.

ಎಎಫ್‌ಪಿ ಚೆನ್ನಾಗಿ ಏರಿದ್ದರೆ ಕತೆ ಬೇರೆ. ಆಗ ಚೂರು ತೆಗೆಯದೆಯೇ ಕೀಮೋ ಶುರು ಮಾಡುತ್ತಾರೆ, ಉಳಿದ ಗೆಡ್ಡೆಯನ್ನು ಆಮೇಲೆ ತೆಗೆಯುತ್ತಾರೆ. ಪೀನಿಯಲ್ ಗ್ರಂಥಿಯದೇ ನಿಧಾನ ಬೆಳೆಯುವ ಗೆಡ್ಡೆ ಪೀನಿಯೋಸೈಟೋಮಾ ಆದರೆ ಆಪರೇಷನ್ನೇ ಮುಖ್ಯ. ಅದೇ ಗ್ರಂಥಿಯ ಬೇಗ ಬೆಳೆಯುವ ಪೀನಿಯೋಬ್ಲಾಸ್ಟೋಮಾ ಆದರೆ ಆಪರೇಷನ್, ರೇಡಿಯೇಷನ್, ಕೀಮೋ ಮೂರೂ ಬೇಕು, ಅದು ಹಟಮಾರಿ.

ಒಂದು ಕೇಳಬೇಕಿತ್ತು. ತಮ್ಮ ನೀರು ಜಾಸ್ತಿ ಕುಡಿಯುತ್ತಾನಾ?

ಪ್ರಶ್ನೆ: ಹೌದು ಡಾಕ್ಟ್ರೇ! ರಾತ್ರಿ ಮೂರು ನಾಲ್ಕು ಸಲ ಎದ್ದು ನೀರು ಕುಡಿದು, ಮೂತ್ರಕ್ಕೆ ಹೋಗ್ತಾನೆ. ಶುಗರ್ ನಾರ್ಮಲ್ ಇದೆ.

ಉತ್ತರ: ಹಾಗಿದ್ದರೆ ಪಿಟ್ಯುಟರಿ (ಮೂತ್ರವನ್ನು ಹಿಡಿತದಲ್ಲಿಡುವ ಹಾರ್ಮೋನ್ ಬಿಡುವ, ಮಿದುಳಿನ ಬುಡದ ಗ್ರಂಥಿ) ಹತ್ತಿರ ಇನ್ನೊಂದು ಚುಕ್ಕೆ ಇದೆಯಾ ನೋಡಿ ಅಂತ ರೇಡಿಯಾಲಜಿಸ್ಟ್‌ಗೆ ಹೇಳಿ. ಎರಡೂ ಕಡೆ ಇದ್ದು, ಎಎಫ್‌ಪಿ ಏರಿಲ್ಲದಿದ್ದರೆ ಜರ್ಮಿನೋಮಾ ಅನ್ನುವ ಅನುಮಾನ ಬಲವಾಗುತ್ತದೆ. ಕೆಲವರು ಚೂರು ತೆಗೆಯದೆಯೇ ಚಿಕಿತ್ಸೆ ಶುರು ಮಾಡುತ್ತಾರೆ. ನಾನು ಮಾತ್ರ, ಎಂಡೋಸ್ಕೋಪ್ ಹೇಗೂ ಒಳಗೆ ಹೋಗುವುದರಿಂದ, ಚೂರು ತೆಗೆಯುವ ಪರ. ಅರಿವಳಿಕೆ ಕೊಡುವ ಮೊದಲು ಸೋಡಿಯಂ, ಕಾರ್ಟಿಸಾಲ್, ಥೈರಾಯ್ಡ್ ನೋಡಲೇಬೇಕು. ಇದನ್ನು ಮರೆತು ಪೇಚಿಗೆ ಸಿಕ್ಕಿದ್ದನ್ನು ನೋಡಿದ್ದೇನೆ. ಇಡೀ ಬೆನ್ನುಹುರಿಯ ಎಂಆರ್‌ಐ ಕೂಡ ಬೇಕು, ಈ ಗೆಡ್ಡೆಗಳು ಮಿದುಳಿನ ನೀರಿನ ಜೊತೆ ಕೆಳಗಿಳಿಯಬಹುದು.

ಇನ್ನೊಬ್ಬರ ಪ್ರಶ್ನೆ: ಸರ್, ನನ್ನ ಹೆಂಡತಿಗೆ ಮೈಗ್ರೇನ್‌ಗೆ ಸ್ಕ್ಯಾನ್ ಮಾಡಿಸಿದಾಗ 7 ಮಿ.ಮೀ. ಪೀನಿಯಲ್ ಸಿಸ್ಟ್ ಅಂತ ಬಂದಿದೆ. ಇದೂ ಹಾಗೇನಾ?

ಉತ್ತರ: ಅಲ್ಲ. ಅದು ತುಂಬಾ ಜನರಲ್ಲಿ ಇರುತ್ತದೆ, ಬಹುತೇಕ ಏನೂ ಮಾಡುವುದಿಲ್ಲ. ಸ್ಕ್ಯಾನ್ ನಿಮ್ಮ ಡಾಕ್ಟರಿಗೆ ಒಮ್ಮೆ ತೋರಿಸಿ, ಮೈಗ್ರೇನ್‌ಗೆ ಔಷಧಿ ಮುಂದುವರಿಸಿ.

ಪ್ರಶ್ನೆ: ಡಾಕ್ಟ್ರೇ, ನಾಳೆಯೇ ಬೆಂಗಳೂರಿಗೆ ಹೊರಡುತ್ತೇವೆ. ಎಲ್ಲಿಗೆ ಹೋಗಲಿ?

ಉತ್ತರ: ನ್ಯೂರೋಸರ್ಜರಿ, ಪೆಥಾಲಜಿ, ರೇಡಿಯೇಷನ್, ಮಕ್ಕಳ ಕ್ಯಾನ್ಸರ್ ನೋಡುವವರು ಒಟ್ಟಿಗೆ ಕೂತು ಮಾತಾಡುವ ಕಡೆ ಹೋಗಿ. ಸರ್ಕಾರಿ ಜಾಗ ಬೇಕಿದ್ದರೆ ನಿಮ್ಹಾನ್ಸ್, ಕಿದ್ವಾಯಿ ಅಕ್ಕಪಕ್ಕದಲ್ಲೇ ಇವೆ. ರಿಪೋರ್ಟ್ ಕಾಗದ ಮಾತ್ರ ಹಿಡಿದುಕೊಂಡು ಹೋಗಬೇಡಿ, ಎಂಆರ್‌ಐ ಸಿಡಿಯೂ ಇರಲಿ. ನೀರು ಕುಡಿಯಬೇಡ ಅಂತ ದಾರಿಯಲ್ಲಿ ತಮ್ಮನನ್ನು ತಡೆಯಬೇಡಿ.