‘ಎತ್ತರದ ದನಿ’ ಅಂದರೆ ಜೋರು ದನಿಯೋ, ಏರು ಪಿಚ್ಚೋ?

ಗೆಳೆಯರೇ,

ಗಂಡಸರ, ಹೆಂಗಸರ, ಮಕ್ಕಳ ದನಿ ಯಾಕೆ ಬೇರೆ ಬೇರೆ ಅನ್ನೋದರ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ದನಿ ಮಗುವಿನದರಂತೆ ತೆಳುವಾಗಿ ಕೇಳುತ್ತದೆಯೋ, ಗಂಡಸಿನದರಂತೆ ದಪ್ಪವಾಗಿ ಕೇಳುತ್ತದೆಯೋ ಅನ್ನೋದನ್ನು ಇಂಗ್ಲಿಷಿನಲ್ಲಿ ಪಿಚ್ ಅಂತಾರೆ. ಅದಕ್ಕೆ ಕನ್ನಡದಲ್ಲಿ ಯಾವ ಪದ ಹಾಕೋದು ಅಂತ ನಿಮ್ಮನ್ನು ಕೇಳಬೇಕಿತ್ತು.

‘ಎತ್ತರದ ದನಿ’ ಅಂದರೆ ಹೆಚ್ಚಿನವರು ಜೋರು ದನಿ ಅಂದುಕೊಳ್ಳುತ್ತಾರೆ. ‘ದನಿ ಏರಿಸಬೇಡ’ ಅಂದಾಗಲೂ ಕೂಗಾಡಬೇಡ ಅಂತಲೇ ಅರ್ಥ, ಅಲ್ವಾ? ಈ ವಾಕ್ಯ ನೋಡಿ: ‘ಅವಳು ಎತ್ತರದ ದನಿಯಲ್ಲಿ ಮೆಲ್ಲಗೆ ಮಾತಾಡಿದಳು.’ ಓದಿದ ಕೂಡಲೇ ಏನೋ ತಪ್ಪಿದೆ ಅನಿಸುತ್ತದೆ. ಆದರೆ ಅಂಥ ದನಿ ಎಷ್ಟೋ ಜನರಿಗಿದೆ.

ಎರಡೂ ಬೆರೆತುಹೋಗಲು ಕಾರಣ ನಮ್ಮ ಗಂಟಲಲ್ಲೇ ಇದೆ. ಜೋರಾಗಿ ಮಾತಾಡುವಾಗ ಗಾಳಿಯನ್ನು ಹೆಚ್ಚು ಒತ್ತಡದಲ್ಲಿ ಬಿಡುತ್ತೇವೆ, ಆಗ ಧ್ವನಿತಂತುಗಳು ಇನ್ನೂ ಬೇಗ ಅದುರುತ್ತವೆ, ಪಿಚ್ಚೂ ಮೇಲೇರುತ್ತದೆ. ಹಾಗಂತ ಎರಡೂ ಒಂದೇ ಅಲ್ಲ. ಪಿಸುಗುಟ್ಟುವಾಗ ತಂತುಗಳು ಅದುರೋದೇ ಇಲ್ಲ, ಹಾಗಾಗಿ ಅಲ್ಲಿ ಸದ್ದು ಇದೆ, ಪಿಚ್ ಇಲ್ಲ.

ಬರಹದಲ್ಲಿ ಬರುವ ಸಂಗತಿಗಳು ಇಂಥವು. ಮಾತಾಡುವಾಗ ಗಂಡಸರ ತಂತುಗಳು ಸುಮಾರಾಗಿ ಸೆಕೆಂಡಿಗೆ 100ರಿಂದ 120 ಸಲ ಅದುರುತ್ತವೆ, ಹೆಂಗಸರವು 200ರ ಆಸುಪಾಸು, ಚಿಕ್ಕ ಮಕ್ಕಳವು 300ರ ಹತ್ತಿರ. ಹುಡುಗರಿಗೆ ಗಂಟಲು ಒಡೆಯುವ ವಯಸ್ಸಿನಲ್ಲಿ ತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ದನಿ ಇಳಿಯುತ್ತದೆ. ಆದರೆ ಎಲ್ಲವೂ ಮೈಕಟ್ಟಿನಿಂದಲೇ ಬರೋದಿಲ್ಲ. ಜಪಾನಿನ ಹೆಂಗಸರು ಡಚ್ ಹೆಂಗಸರಿಗಿಂತ ಏರು ಪಿಚ್ಚಿನಲ್ಲಿ ಮಾತಾಡುತ್ತಾರೆ ಅಂತ ಅಧ್ಯಯನವಿದೆ. ಆಸ್ಟ್ರೇಲಿಯಾದ ಯುವತಿಯರ 1945ರ ಮತ್ತು 1993ರ ಧ್ವನಿಮುದ್ರಣಗಳನ್ನು ಹೋಲಿಸಿದಾಗ ಸರಾಸರಿ ಪಿಚ್ 229 ಹರ್ಟ್ಜ್‌ನಿಂದ (ಅಂದರೆ ಸೆಕೆಂಡಿಗೆ 229 ಸಲ ಅದುರೋದರಿಂದ) 206ಕ್ಕೆ ಇಳಿದಿತ್ತು. ಅರ್ಧ ಶತಮಾನದಲ್ಲಿ ಗಂಟಲಿನ ರಚನೆ ಅಷ್ಟು ಬದಲಾಗೋದಿಲ್ಲ, ಹೆಂಗಸರು ಹೇಗೆ ಮಾತಾಡಬೇಕು ಅನ್ನೋ ನಿರೀಕ್ಷೆ ಬದಲಾಗಿರುತ್ತದೆ ಅನ್ನೋದು ನನ್ನ ಅಭಿಪ್ರಾಯ. ಇದನ್ನೆಲ್ಲ ಬರೆಯುವಾಗ ಹೊಗಳಿಕೆಯೂ ತೆಗಳಿಕೆಯೂ ಅಂಟದ ಪದ ಬೇಕು. ‘ಕೀರಲು ದನಿ’ ಅಂದರೆ ಪಿಚ್ ಏನೋ ಸರಿ, ಜೊತೆಗೆ ಬೈಗುಳವೂ ಬಂದುಬಿಡುತ್ತದೆ. ‘ದಪ್ಪ ದನಿ’ ಚೆನ್ನಾಗಿದೆ, ಆದರೆ ಅದರ ಜೋಡಿ ‘ಸಣ್ಣ ದನಿ’ ಮೆಲುದನಿ ಅಂತಲೂ ಆಗಿಬಿಡುತ್ತದೆ. ‘ಆವರ್ತನ’ ಅನ್ನೋದು ಸೆಕೆಂಡಿಗೆ ಎಷ್ಟು ಸಲ ಅದುರಿತು ಅಂತ ಯಂತ್ರ ಅಳೆಯುವ ಲೆಕ್ಕ, ಕಿವಿಗೆ ಕೇಳುವುದಲ್ಲ.

ಹೆಸರು ಬೇಕಾಗಿರುವುದು ಒಂದಕ್ಕಲ್ಲ, ಎರಡಕ್ಕೆ. ಒಬ್ಬರ ದನಿ ಸಾಮಾನ್ಯವಾಗಿ ನಿಲ್ಲುವ ಮಟ್ಟ ಒಂದು, ಮಾತಿನ ನಡುವೆ ಅದು ಮೇಲೆ ಕೆಳಗೆ ಹೋಗೋದು ಇನ್ನೊಂದು. ‘ಹೂಂ’ ಅನ್ನೋದನ್ನೇ ಇಳಿಸಿ ಹೇಳಿದರೆ ಒಪ್ಪಿಗೆ, ಏರಿಸಿ ಹೇಳಿದರೆ ‘ಏನಂದ್ರಿ?’ ಅನ್ನೋ ಪ್ರಶ್ನೆ. ಚೀನಾದ ಮ್ಯಾಂಡರಿನ್‌ನಲ್ಲಂತೂ ‘ಮಾ’ ಅನ್ನೋದನ್ನು ಒಂದು ರೀತಿ ಎಳೆದರೆ ಅಮ್ಮ, ಇನ್ನೊಂದು ರೀತಿ ಎಳೆದರೆ ಕುದುರೆ. ಅಲ್ಲಿ ಗಂಡಸಿನ ದಪ್ಪ ದನಿಯೂ ಮಗುವಿನ ದನಿಯೂ ಒಂದೇ ಅರ್ಥ ಕೊಡುತ್ತವೆ, ಯಾಕಂದರೆ ಲೆಕ್ಕಕ್ಕೆ ಬರೋದು ಏರಿಳಿತದ ರೀತಿ.

ಎರಡನೆಯದಕ್ಕೆ ‘ಏರಿಳಿತ’ ಸಾಕು. ಮೊದಲನೆಯದಕ್ಕೆ ನನ್ನ ಒಲವು ‘ಸ್ಥಾಯಿ’ ಕಡೆಗೆ: ‘ಅವಳು ಮೇಲಿನ ಸ್ಥಾಯಿಯಲ್ಲಿ ಮೆಲ್ಲಗೆ ಮಾತಾಡಿದಳು’ ಅಂದರೆ ವಾಕ್ಯ ಎಡವೋದಿಲ್ಲ. ಆದರೆ ಸಂಗೀತ ಕಲಿತವರಿಗೆ ಸ್ಥಾಯಿ ಅಂದರೆ ಮಂದ್ರ, ಮಧ್ಯ, ತಾರ ಅನ್ನೋ ದೊಡ್ಡ ದೊಡ್ಡ ಹಂತಗಳು. 20 ಹರ್ಟ್ಜ್ ವ್ಯತ್ಯಾಸಕ್ಕೆ ಆ ಪದ ಬಳಸಿದರೆ ಅವರಿಗೆ ಇರಿಸುಮುರಿಸು ಆಗುತ್ತದೆಯೇ? ಹಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ‘ದಪ್ಪ’ಕ್ಕೆ ಸರಿಜೋಡಿಯಾಗುವ ಆಡುಮಾತು ನಿಮ್ಮ ಕಡೆ ಇದ್ದರೆ ಅದನ್ನೂ ಬರೆಯಿರಿ.