ತೌಕ್ತೆ ಬರುವ ಮೊದಲು ತೋಡಿನ ಬಾಯಿ ಬಿಡಿಸಬೇಕು

ಉಳ್ಳಾಲ, ಶುಕ್ರವಾರ, ಮೇ 14, 2021

ಬಾವಿಕಟ್ಟೆ ಮನೆ, ಸಂಜೆ 5:40
ಎಲ್ಲರೂ ಒಮ್ಮೆ ಓದಿ. ಲಕ್ಷದ್ವೀಪದ ಹತ್ತಿರ ಬೆಳಿಗ್ಗೆ ಎದ್ದ ವಾಯುಭಾರ ಕುಸಿತ ಈಗ ಇನ್ನೂ ಬಲವಾಗಿದೆ. ನಾಳೆ ಬೆಳಗಾಗುವುದರೊಳಗೆ ಚಂಡಮಾರುತ ಆಗಬಹುದು ಎಂದು ಹವಾಮಾನ ಇಲಾಖೆ ಹೇಳಿದೆ. ಹೆಸರು ತೌಕ್ತೆ. 18ರ ಹೊತ್ತಿಗೆ ಗುಜರಾತ್ ಹತ್ತಿರ ತಲುಪಬಹುದಂತೆ. ನಮ್ಮ ಕರಾವಳಿಗೆ ಜೋರು ಮಳೆ ಇದೆ.

ಈಗಷ್ಟೇ ತೋಡಿನ ಬಾಯಿ, ಅಂದರೆ ಹಳ್ಳ ಕಡಲು ಸೇರುವ ಜಾಗ, ನೋಡಿ ಬಂದೆ. ಮರಳು ಸೊಂಟದ ಮಟ್ಟಕ್ಕೆ ನಿಂತಿದೆ. ಅದರ ಮೇಲೆ ಬಳ್ಳಿ ಹಬ್ಬಿದೆ. ಹರಿದ ಬಲೆ, ಒಣಗಿದ ಮಡಲು, ಬಾಟಲಿಗಳು ಸಿಕ್ಕಿಕೊಂಡಿವೆ. ನೀರು ಹೊರಗೆ ಹೋಗಲು ಅಂಗೈ ಅಗಲದ ಜಾಗವೂ ಇಲ್ಲ.

ಮಹಡಿ ಮನೆ, 5:52
ಗುಜರಾತಿಗೆ ಹೋಗುವ ಗಾಳಿಗೆ ನಾವ್ಯಾಕೆ ಹೆದರಬೇಕು ಮಾರಾಯ್ರೆ? ನಕ್ಷೆಯಲ್ಲಿ ಆ ಗೆರೆ ಸಮುದ್ರದ ಮಧ್ಯದಲ್ಲೇ ಹೋಗ್ತಾ ಇದೆ.

ಬಾವಿಕಟ್ಟೆ ಮನೆ, 6:05
ಆ ಗೆರೆ ಚಂಡಮಾರುತದ ನಡು ಹೋಗುವ ದಾರಿ ಮಾತ್ರ. ಮಳೆ ಮೋಡ ಅದರ ಸುತ್ತ ನೂರಾರು ಕಿಲೋಮೀಟರ್ ಹರಡಿರುತ್ತದೆ. 2017ರ ಡಿಸೆಂಬರ್‌ನಲ್ಲಿ ಒಖಿ ಚಂಡಮಾರುತ ನಮ್ಮ ತೀರಕ್ಕೆ ಬರಲೇ ಇಲ್ಲ, ದೂರದಲ್ಲೇ ಹೋಯಿತು. ಆದರೂ ಸೋಮೇಶ್ವರದಲ್ಲಿ ಕಡಲು ಮನೆಗಳಿಗೇ ಬಡಿಯಿತು ಅಲ್ವಾ?

ಇನ್ನೊಂದು ವಿಷಯ. ನಮ್ಮ ಕಡೆ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ನಡು ನಮ್ಮನ್ನು ದಾಟಿ ಉತ್ತರಕ್ಕೆ ಹೋದ ಮೇಲೆ ಇಲ್ಲಿ ನೈಋತ್ಯದ ಗಾಳಿ ಬೀಸುತ್ತದೆ. ಅಂದರೆ ಕಡಲನ್ನು ನೇರ ನಮ್ಮ ಮೇಲೆ ತಳ್ಳುತ್ತದೆ. ನಕ್ಷೆಯಲ್ಲಿ ಮಂಗಳೂರು ದಾಟಿತು ಅಂತ ಯಾರೂ ದಡಕ್ಕೆ ಹೋಗಿ ನಿಲ್ಲಬೇಡಿ, ದಯವಿಟ್ಟು.

ದೋಣಿ ಮನೆ, 6:20
ಸರಿಯಾಗಿ ಹೇಳಿದ್ರಿ. ಕಡಲು ಉಬ್ಬುವ ಭರತದಲ್ಲಿ ತೋಡಿನ ನೀರು ಹೇಗೂ ಹೊರಗೆ ಹೋಗುವುದಿಲ್ಲ. ಇಳಿತದ ಹೊತ್ತಿಗಾದರೂ ಹರಿಯಬೇಕು, ಅದಕ್ಕೇ ಬಾಯಿ ಬಿಡಿಸುವುದು. ಆದರೆ ನೇರ ಕಡಿಯಬೇಡಿ. ಬಡಗು ದಿಕ್ಕಿಗೆ ಓರೆಯಾಗಿ ಕಡಿಯಿರಿ. ನೇರ ಕಡಿದರೆ ಅಲೆ ಒಳಗೆ ನುಗ್ಗಿ ಮರಳು ಮತ್ತೆ ತುಂಬುತ್ತದೆ. ಬೆಳಿಗ್ಗೆ ನಾನೇ ಬಂದು ಗೆರೆ ಹಾಕಿ ಕೊಡುತ್ತೇನೆ. ನಮ್ಮವರ ದೋಣಿಗಳೆಲ್ಲ ದಡ ಸೇರಿವೆ.

ಗೇರುಮರದ ಮನೆ, 6:31
ತಗ್ಗಿನ ಸಾಲಿನಲ್ಲಿ ಕೋವಿಡ್ ಆಗಿ ಮನೆಯಲ್ಲೇ ಇರುವವರಿದ್ದಾರೆ. ರಾತ್ರಿ ನೀರು ಬಂದರೆ ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಎಲ್ಲರ ಜೊತೆ ಶಾಲೆಯಲ್ಲಿ ಇರಿಸಲು ಆಗುವುದಿಲ್ಲ.

ಮಹಡಿ ಮನೆ, 6:38
ನಮ್ಮ ಮೇಲಿನ ಬಾಡಿಗೆ ಮನೆ ಖಾಲಿ ಇದೆ. ಹೊರಗಿನಿಂದಲೇ ಮೆಟ್ಟಿಲು, ಬಾತ್‌ರೂಂ ಬೇರೆ. ಇವತ್ತೇ ಬರಲಿ. ರಾತ್ರಿ ಮಳೆಯಲ್ಲಿ ಎಬ್ಬಿಸಿ ಕರೆತರುವುದು ಬೇಡ. ಬೀಗದ ಕೈ ಗೇಟಿನ ಹತ್ತಿರ ಇಡುತ್ತೇನೆ.

ಬಾವಿಕಟ್ಟೆ ಮನೆ, 7:15
ತುಂಬಾ ಉಪಕಾರ ಆಯ್ತು. ಅವರಿಗೆ ಫೋನ್ ಮಾಡಿದ್ದೇನೆ, ಊಟ ಆದ ಮೇಲೆ ಬರುತ್ತಾರೆ. ಊಟ ಕೊಡುವವರು ಮೆಟ್ಟಿಲ ಮೇಲೆ ಇಟ್ಟು ಬನ್ನಿ.

ಜೆಸಿಬಿ ಕೇಳಿದ್ದೇವೆ. ಬಂದರೆ ಒಳ್ಳೆಯದು. ಅದನ್ನೇ ನಂಬಿ ಕೂರುವುದು ಬೇಡ. ಲಾಕ್‌ಡೌನ್‌ನಲ್ಲಿ ಅಂಗಡಿ ತೆರೆಯುವುದು, ಜನ ಓಡಾಡುವುದು ಬೆಳಿಗ್ಗೆ 6ರಿಂದ 10. ಹಾಗಾಗಿ ಬೆಳಿಗ್ಗೆ 6ಕ್ಕೇ ತೋಡಿನ ಹತ್ತಿರ ಸೇರೋಣ. ಮಾಸ್ಕ್ ಇರಲಿ, ದೂರ ದೂರ ನಿಂತು ಕೆಲಸ ಮಾಡೋಣ. ಜ್ವರ, ಕೆಮ್ಮು ಇರುವವರು ಖಂಡಿತ ಬರಬೇಡಿ. ಹಿಂದಿನ ಸಾಲಿನವರು ಇವತ್ತೇ ಮಾಡಿನ ಮೇಲಿನ ಸಡಿಲ ಶೀಟು ಕಟ್ಟಿ, ಮೊಬೈಲ್ ಚಾರ್ಜ್ ಮಾಡಿಟ್ಟುಕೊಳ್ಳಿ. ತಂತಿ ತುಂಡಾಗಿ ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ. ನೀರು ನುಗ್ಗಿದರೆ ಜಿಲ್ಲಾ ಕಂಟ್ರೋಲ್ ರೂಂ 1077.

ಹಾರೆ, ಪಿಕ್ಕಾಸು ಸಾಕಷ್ಟು ಆಯ್ತು. ಮರಳು ಹೊರಲು ಬುಟ್ಟಿ ಕಡಿಮೆ ಇದೆ. ಯಾರ ಮನೆಯಲ್ಲಿದೆ, ಈಗಲೇ ಹೇಳಿ.